ಕಿಗಾಲಿಯನ್ನು ಬಿಡದ ಸೇನಾನಿ

ಆಫ್ರಿಕಾದ ಸೇನಾಧಿಕಾರಿ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಇದಿ ಅಮೀನನ ನೆನಪಾಗುತ್ತದೆ. ಘಾನಾ ದೇಶದ ಹೆನ್ರಿ ಆನ್ಯಿದೊಹೊ ಅವರ ಹೆಸರನ್ನು ಕೇಳಿದವರು ವಿರಳ. ಇದು ಅನ್ಯಾಯವೆಂದೇ ನನ್ನ ಭಾವನೆ.

1994ರಲ್ಲಿ ರುವಾಂಡದ ನರಮೇಧ ಆರಂಭವಾದಾಗ ಅವರು ಅಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಉಪದಂಡನಾಯಕರು. ದಂಡನಾಯಕರು ಕೆನಡಾದ ರೋಮಿಯೋ ಡಲೇರ್. ಜಗತ್ತು ನೆನೆಯುವುದು ಅವರನ್ನೇ. ಏಪ್ರಿಲ್ 7ರಂದು ಬೆಲ್ಜಿಯಂನ 10 ಸೈನಿಕರು ಹತರಾದರು. ಆ ದೇಶವು ತನ್ನ ಪಡೆಯನ್ನು ಹಿಂದಕ್ಕೆ ಕರೆಸಿಕೊಂಡಿತು. ಏಪ್ರಿಲ್ 21ರಂದು ಭದ್ರತಾ ಮಂಡಳಿಯು, ಸುಮಾರು 2500 ಮಂದಿಯಿದ್ದ ಪಡೆಯನ್ನು 270ಕ್ಕೆ ಇಳಿಸಲು ನಿರ್ಣಯಿಸಿತು. ಆಗ ಹೊರಟುಬಿಟ್ಟಿದ್ದರೆ ಆನ್ಯಿದೊಹೊ ಅವರನ್ನು ದೂಷಿಸಲು ಯಾರಿಗೂ ಅಧಿಕಾರವಿರಲಿಲ್ಲ. ಆದರೆ ತಮ್ಮ ಸರ್ಕಾರದ ಅನುಮತಿ ಕೈಸೇರುವ ಮುನ್ನವೇ, ಘಾನಾದ ಸೈನಿಕರು ಉಳಿಯುವರೆಂದು ಅವರು ಡಲೇರ್ ಅವರಿಗೆ ಮಾತಿತ್ತರು. ಕೊನೆಗೆ ಉಳಿದವರು ಸುಮಾರು 450 ಮಂದಿ, ಬಹುಪಾಲು ಘಾನಾದವರೇ. ಕಿಗಾಲಿಯ ಅಮಹೊರೊ ಕ್ರೀಡಾಂಗಣದಲ್ಲಿ (ಆ ನಾಡಿನ ನುಡಿಯಲ್ಲಿ 'ಅಮಹೊರೊ' ಎಂದರೆ ಶಾಂತಿ!) ಆಶ್ರಯ ಪಡೆದಿದ್ದ ಸಾವಿರಾರು ಜನರಿಗೆ ಅವರು ಕಾವಲಾದರು.

ಆಜ್ಞಾಪಾಲನೆಯೇ ಸೈನಿಕನ ಪರಮಧರ್ಮವೆಂದು ವಾದಿಸುವವರಿದ್ದಾರೆ. ಮಿತ್ರರೇ, ತರಗತಿಯಲ್ಲಿ ನಿಮ್ಮಿಂದ ವಿಧೇಯತೆಯನ್ನೇ ಬಯಸಿದವನು ನಾನು. ಆದರೂ ಆ ವಾದವನ್ನು ಇಲ್ಲಿ ಒಪ್ಪಲಾರೆ. ರಾಜಧಾನಿಯ ಉತ್ತರಕ್ಕಾಗಿ ಕಾಯುತ್ತ ಕುಳಿತಿದ್ದರೆ, ಕ್ರೀಡಾಂಗಣದೊಳಗಿದ್ದವರಿಗೆ ಯಾರು ದಿಕ್ಕಾಗುತ್ತಿದ್ದರು?

1997ರಲ್ಲಿ ಆನ್ಯಿದೊಹೊ ಆ ದಿನಗಳನ್ನು ಕುರಿತು 'ಗನ್ಸ್ ಓವರ್ ಕಿಗಾಲಿ' ಎಂಬ ಪುಸ್ತಕವನ್ನು ಬರೆದರು. ಡಲೇರ್ ಅವರ ಪುಸ್ತಕವನ್ನು ಓದಿದವರು ಇದನ್ನೂ ಹುಡುಕಿ ಓದಬೇಕು.