ಲೈನು ಮನೆಯೂ ಪರಂಪರೆಯೇ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಒಂದು ಉತ್ತರ ಬಾಯಿಪಾಠವಾಗಿದೆ: 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹಾಸನ ಜಿಲ್ಲೆಯ ಹುಡುಗಿಯಾದ ನನಗೂ ಅದು ಹೆಮ್ಮೆಯೇ. ಆದರೆ ಹೋದ ತಿಂಗಳು ಅಜ್ಜಿಯನ್ನು ಸಕಲೇಶಪುರದ ಕಡೆಯ ಒಂದು ಕಾಫಿ ತೋಟಕ್ಕೆ ಕರೆದುಕೊಂಡು ಹೋಗಿ ಬಂದ ಮೇಲೆ, ಪರಂಪರೆಯನ್ನು ನಾವು ಗೋಪುರದ ಎತ್ತರದಲ್ಲಿ ಮಾತ್ರ ಹುಡುಕುತ್ತಿದ್ದೇವೆ ಅನಿಸಿದೆ.

ಹೊಳೆನರಸೀಪುರದ ಸುತ್ತಲಿನ ಹಳ್ಳಿಗಳಿಂದ ತೋಟದ ಕೂಲಿಗೆ ಹೋದ ಕುಟುಂಬಗಳಲ್ಲಿ ನಮ್ಮದೂ ಒಂದು. ಹೇಮಾವತಿ ಸಕಲೇಶಪುರದಿಂದ ಗೊರೂರು ದಾಟಿ ನಮ್ಮೂರಿಗೆ ಇಳಿದು ಬರುತ್ತಾಳೆ. ನಮ್ಮವರು ಮೇಸ್ತ್ರಿಯಿಂದ ಮುಂಗಡ ಪಡೆದು ಅವಳಿಗೆ ಎದುರಾಗಿ ಮೇಲಕ್ಕೆ ಹೋದರು. ಅಜ್ಜಿ ಹದಿನಾಲ್ಕು ವರ್ಷ ಕಳೆದದ್ದು ತೋಟದ ಲೈನಿನಲ್ಲಿ. ಆ ಲೈನನ್ನು ಕೆಡವಿ ಹೋಂಸ್ಟೇಗೆ ಬರುವವರ ಕಾರು ನಿಲ್ಲಿಸಲು ಜಾಗ ಮಾಡುತ್ತಾರೆಂದು ಅಲ್ಲೇ ಇರುವ ನೆಂಟರು ಫೋನ್ ಮಾಡಿದ್ದಕ್ಕೇ ನಾವು ಹೊರಟಿದ್ದು.

ಒಂದೇ ಉದ್ದನೆಯ ಹೆಂಚಿನ ಸೂರಿನಡಿ ಸಾಲಾಗಿ ಎಂಟು ಮನೆ. ಒಂದೊಂದಕ್ಕೂ ಒಂದೇ ಕೋಣೆ, ಮುಂದೆ ಒಂದು ಜಗುಲಿ. ನಡುವಿನ ಗೋಡೆ ಸೂರಿನವರೆಗೆ ಏರಿಲ್ಲ. ಈ ಮನೆಯ ಒಗ್ಗರಣೆ ಆ ಮನೆಗೆ, ಆ ಮನೆಯ ಜಗಳ ಈ ಮನೆಗೆ. ಬೆಳಕಿಗೆ ಒಂದು ಗಾಜಿನ ಹೆಂಚು. ಒಲೆಯಿದ್ದ ಮೂಲೆಯಲ್ಲಿ ಮಸಿ ಇನ್ನೂ ಹಾಗೇ ಇದೆ. ನಾನು ಫೋಟೊ ತೆಗೆಯತೊಡಗಿದಾಗ ಅಜ್ಜಿಗೆ ಸಿಟ್ಟು ಬಂತು. ‘ಇದ್ರಲ್ಲಿ ಏನೈತೆ ಮಗ ನೋಡಕ್ಕೆ? ಮಳೆಗಾಲದಲ್ಲಿ ರಾತ್ರಿಯೆಲ್ಲ ಸೋರೋ ಕಡೆ ಪಾತ್ರೆ ಇಟ್ಕಂಡು ಕೂರ್ತಿದ್ವಿ’ ಅಂದಳು.

ನೋಡುವುದು ಬೇಕಾದಷ್ಟಿತ್ತು. ಬಿದ್ದಿದ್ದ ಒಂದು ಹೆಂಚನ್ನು ತಿರುಗಿಸಿದೆ. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು, ಮಂಗಳೂರು ಎಂಬ ಊರ ಹೆಸರು ಅಚ್ಚಾಗಿದ್ದವು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಕರಾವಳಿಯ ಜೇಡಿಮಣ್ಣು ಘಟ್ಟ ಹತ್ತಿ ಬಂದು ನಮ್ಮಜ್ಜಿಯ ತಲೆಯ ಮೇಲೆ ಸೂರಾಗಿತ್ತು. ತೋಟದ ಮಾಲೀಕರು ಕಾರ್ಮಿಕರಿಗೆ ವಸತಿ ಕೊಡಲೇಬೇಕೆಂದು ಕಾನೂನು ಬಂದದ್ದು 1951ರಲ್ಲಿ. ಅದಕ್ಕೂ ಮೊದಲಿನ ಲೈನು ಹೇಗಿತ್ತು, ಆಮೇಲೆ ಏನು ಬದಲಾಯಿತು ಎಂದು ಗೋಡೆಗಳೇ ಹೇಳಬೇಕು. ಕೂಲಿಗೆ ಹೋದವರು ದಿನಚರಿ ಬರೆದಿಡಲಿಲ್ಲ. ಅವರ ಮನೆ ಬಿದ್ದರೆ ಅವರ ಕಡತವೇ ಹೋದ ಹಾಗೆ.

ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರು ಕಲ್ಲಿನಲ್ಲಿದೆ. ಆ ಕಲ್ಲನ್ನು ಹೊತ್ತು ತಂದವರು ರಾತ್ರಿ ಎಲ್ಲಿ ಮಲಗುತ್ತಿದ್ದರು? ತೋರಿಸಲು ಒಂದು ಗುಡಿಸಲೂ ಉಳಿದಿಲ್ಲ. ಕೆಜಿಎಫ್‌ನಲ್ಲಿ ಹಾಗಾಗುವ ಮುನ್ನ ಎಚ್ಚೆತ್ತುಕೊಳ್ಳಬಹುದು. ಅಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಿತು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, 2001ರಲ್ಲಿ ಗಣಿ ಮುಚ್ಚಿತು. ಇಷ್ಟನ್ನು ನಾವು ಪರೀಕ್ಷೆಗೆ ಓದುತ್ತೇವೆ. ಚಿನ್ನ ತೆಗೆದವರು ಬಾಳಿದ ಇಕ್ಕಟ್ಟಿನ ಲೈನುಗಳ ಬಗ್ಗೆ ಯಾವ ಗೈಡಿನಲ್ಲೂ ನಾನು ಓದಿಲ್ಲ.

ಕೇಂದ್ರದ 1958ರ ಸ್ಮಾರಕ ಕಾಯ್ದೆಗೆ ಕಟ್ಟಡ ಕನಿಷ್ಠ ನೂರು ವರ್ಷ ಹಳೆಯದಾಗಿರಬೇಕು. ಲೈನು ಮನೆ ಅಲ್ಲಿಯವರೆಗೆ ನಿಲ್ಲಲು ಯಾರು ಬಿಡುತ್ತಾರೆ? ಮೈಸೂರಿನಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಕೆಡವುವ ಹಂತದಿಂದ ಉಳಿದು ಮ್ಯೂಸಿಯಂ ಆಯಿತು, ಅವರು ದೊಡ್ಡವರು. ಆದರೆ ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿ ನಮ್ಮ ಇಳಕಲ್ ನೇಕಾರರ ಮನೆಯೂ ಇದೆ. ದುಡಿಯುವವರ ಮನೆಯನ್ನು ನೋಡಲು ಜನ ಟಿಕೆಟ್ ಕೊಂಡು ಬರುತ್ತಾರೆ ಎಂದಾಯಿತು.

ಹಾಗಂತ ಯಾರೂ ಲೈನಿನಲ್ಲೇ ಬದುಕಬೇಕೆಂದು ನಾನು ಹೇಳುತ್ತಿಲ್ಲ. ನೆಂಟರಿಗೆ ಸೋರದ ಮನೆ, ಒಳಗೇ ಶೌಚಾಲಯ ಮೊದಲು ಸಿಗಲಿ. ಬಡತನವನ್ನು ಚೆಂದದ ಫೋಟೊ ಮಾಡುವವರ ಮೇಲೆ ನನಗೂ ಸಿಟ್ಟಿದೆ. ಕೇಳುವುದಿಷ್ಟೆ: ಎಂಟರಲ್ಲಿ ಒಂದನ್ನು ಉಳಿಸಿ. ಸಾಹೇಬರ ಬಂಗಲೆ ತೋರಿಸುವ ಹೋಂಸ್ಟೇಯವರು ಇದನ್ನೂ ತೋರಿಸಲಿ. ಅದೂ ಆಗದಿದ್ದರೆ ಕೆಡವುವ ಮೊದಲು ಅಳತೆಯಾದರೂ ದಾಖಲಾಗಲಿ. ಸಿವಿಲ್ ಡಿಪ್ಲೊಮಾ ಓದುವ ಗೆಳೆಯರಿಗೆ ಇದು ಒಂದು ಭಾನುವಾರದ ಕೆಲಸ. ಟೇಪು, ಪುಸ್ತಕ, ಮೊಬೈಲು ಸಾಕು.

ನಾನು ಅವತ್ತೇ ಅಳೆದೆ. ಹತ್ತು ಅಡಿ, ಹನ್ನೆರಡು ಅಡಿ. ‘ಎಷ್ಟು ಜನ ಮಲಗ್ತಿದ್ರಿ ಅಜ್ಜಿ?’ ಎಂದೆ. ಜಗುಲಿಯಲ್ಲಿ ಮುಖ ತಿರುಗಿಸಿ ಕೂತಿದ್ದವಳು ಎದ್ದು ಒಳಗೆ ಬಂದಳು. ‘ಏಳು ಜನ. ನಿಮ್ಮಪ್ಪ ಹುಟ್ಟಿದ್ದು ಆ ಮೂಲೇಲಿ. ಒಲೆ ಇಲ್ಲಿತ್ತು, ಅಲ್ಲಲ್ಲ, ಸರಿಯಾಗಿ ಬರ್ಕೊ’ ಅಂದಳು.