ಭಾವಚಿತ್ರದಲ್ಲಿ ಭಾವ ಎಲ್ಲಿದೆ?

ಮಕ್ಕಳೇ, ಮಕ್ಕಳ ಅಜ್ಜ-ಅಜ್ಜಿಯರೇ,

ಫೋಟೋಗೆ ನಮ್ಮ ಕನ್ನಡದಲ್ಲಿ ‘ಭಾವಚಿತ್ರ’ ಎಂಬ ಸೊಗಸಾದ ಪದವಿದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ಕಾಲ ಈ ಪದವನ್ನು ದಿನಕ್ಕೆ ಹತ್ತಾರು ಸಲ ಹೇಳುತ್ತಿದ್ದೆ. ‘ಇತ್ತೀಚಿನ ಭಾವಚಿತ್ರ ಎರಡು ಪ್ರತಿ ತನ್ನಿ’, ‘ಭಾವಚಿತ್ರ ಇಲ್ಲಿ ಅಂಟಿಸಿ’. ಆದರೆ ಜನ ತಂದುಕೊಡುತ್ತಿದ್ದ ಆ ಪುಟ್ಟ ಚಿತ್ರಗಳಲ್ಲಿ ಭಾವ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತಿತ್ತು. ಮೊದಲ ಸಂಬಳಕ್ಕಾಗಿ ಖಾತೆ ತೆರೆಯಲು ಬಂದ ಹುಡುಗ, ಮಗಳ ಮದುವೆಗೆ ಸಾಲ ಕೇಳಲು ಬಂದ ರೈತ, ಗಂಡ ತೀರಿಕೊಂಡ ಮೇಲೆ ಪೆನ್ಷನ್ ಕಾಗದ ಹಿಡಿದು ಬಂದ ತಾಯಿ, ಎಲ್ಲರ ಮುಖವೂ ಸ್ಟುಡಿಯೋದ ಪರದೆಯ ಮುಂದೆ ಒಂದೇ ಥರ. ಅರ್ಜಿಗೆ ಅಷ್ಟೇ ಸಾಕು. ಮುಖ ಯಾರದೆಂದು ಗೊತ್ತಾದರೆ ಅದರ ಕೆಲಸ ಮುಗಿಯಿತು.

ಆ ಮುಖದ ಒಳಗೆ ಏನು ನಡೆಯುತ್ತಿದೆ ಎಂದು ಹೇಳಲು ಇನ್ನೊಂದು ದಾರಿ ಇದೆ. ತನ್ನ ಮುಖವನ್ನು ತಾನೇ ಬಿಡಿಸುವುದು. ದಾರಿ ಬಹಳ ಹಳೆಯದು. ಈಗ ಅದಕ್ಕೆ ಟ್ಯಾಬ್, ಮೊಬೈಲು ಎಂಬ ಹೊಸ ಸಲಕರಣೆಗಳು ಬಂದಿವೆ. ಈ ವಾರ ಅದರದೇ ಮಾತು.

‘ಸೆಲ್ಫಿ ಇದೆಯಲ್ಲ ತಾತ, ಬಿಡಿಸೋದು ಯಾಕೆ?’ ಎಂದು ನೀವು ಕೇಳಬಹುದು. ಸೆಲ್ಫಿ ಕ್ಷಣದ ಕೆಲಸ. ಕ್ಯಾಮೆರಾ ಎದುರಿಗೆ ಬಂದ ಕೂಡಲೇ ನಮ್ಮ ಮುಖ ತಾನಾಗಿ ನಕ್ಕುಬಿಡುತ್ತದೆ. ಅದರ ಮೇಲೆ ಫಿಲ್ಟರ್ ಹಾಕಿದರೆ ನನ್ನಂಥವರ ಸುಕ್ಕೂ ಮಾಯ! ಬಿಡಿಸಲು ಕೂತರೆ ಹಾಗಲ್ಲ. ಅರ್ಧ ಗಂಟೆಯಾದರೂ ಕನ್ನಡಿ ನೋಡಬೇಕು. ಅಷ್ಟು ಹೊತ್ತು ಹುಸಿನಗೆ ನಗುತ್ತಾ ಕೂರಲು ಯಾರಿಂದಲೂ ಆಗದು. ನಿಧಾನವಾಗಿ ನಿಜವಾದ ಮುಖ ಹೊರಗೆ ಬರುತ್ತದೆ.

ಇದನ್ನು ಚೆನ್ನಾಗಿ ಬಲ್ಲವನು ನೆದರ್ಲೆಂಡ್ಸ್ ದೇಶದ ರೆಂಬ್ರಾಂಟ್. ಹುಟ್ಟಿದ್ದು 1606ರಲ್ಲಿ. ಇಪ್ಪತ್ತರ ಹರೆಯದಲ್ಲಿ ಅವನು ಕನ್ನಡಿಯ ಮುಂದೆ ನಿಂತು ನಗುತ್ತಿದ್ದ, ಹುಬ್ಬು ಗಂಟಿಕ್ಕುತ್ತಿದ್ದ, ಬೆಚ್ಚಿಬಿದ್ದವನ ಹಾಗೆ ಕಣ್ಣರಳಿಸುತ್ತಿದ್ದ. ಆ ಮುಖಗಳನ್ನೆಲ್ಲ ತಾಮ್ರದ ತಗಡಿನ ಮೇಲೆ ಗೀರಿ, ಕಾಗದಕ್ಕೆ ಒತ್ತಿ ಚಿತ್ರ ತೆಗೆದ. 1630ರಲ್ಲಿ ಮಾಡಿದ ಅಂಥ ಒಂದು ಚಿತ್ರದಲ್ಲಿ ಅವನ ಕಣ್ಣು, ಬಾಯಿ ಎರಡೂ ಅಗಲವಾಗಿ ತೆರೆದಿವೆ. ಆ ಚಿತ್ರದ ಎತ್ತರ ಸುಮಾರು 5 ಸೆಂಟಿಮೀಟರ್ ಅಷ್ಟೇ. ಅಂಗೈಯಲ್ಲಿ ಮುಚ್ಚಿಡಬಹುದು!

ಮುಂದೆ ಅವನಿಗೆ ಕಷ್ಟಕಾಲ ಬಂತು. ಸಾಲ ತೀರಿಸಲಾಗದೆ 1656ರಲ್ಲಿ ದಿವಾಳಿಯಾದ. ಮನೆಯಲ್ಲಿದ್ದ ಸಾಮಾನುಗಳನ್ನೆಲ್ಲ ಪಟ್ಟಿ ಮಾಡಿ ಮಾರಿದರು. ನಾನು ಬ್ಯಾಂಕಿನವನಾದ್ದರಿಂದ ಅಂಥ ಪಟ್ಟಿ ಎಂದರೆ ಏನೆಂದು ಬಲ್ಲೆ. ತಟ್ಟೆ ಲೋಟಗಳೂ ಅದರಲ್ಲಿ ಒಂದೊಂದು ಸಾಲಾಗಿಬಿಡುತ್ತವೆ. ಇದಾದ ಎರಡು ವರ್ಷಕ್ಕೆ, 1658ರಲ್ಲಿ, ರೆಂಬ್ರಾಂಟ್ ತನ್ನದೇ ದೊಡ್ಡದೊಂದು ಚಿತ್ರ ಬರೆದ. ಮೈಮೇಲೆ ಹೊನ್ನಿನ ಬಣ್ಣದ ಉಡುಪು, ಕೈಯಲ್ಲಿ ಕೋಲು, ಕೂತಿರುವ ಠೀವಿ ಥೇಟ್ ಮಹಾರಾಜನದು. ಆದರೆ ಕಣ್ಣು ದಣಿದಿದೆ. ‘ಸಾಮಾನು ಹೋಗಿದೆ, ನಾನು ಹೋಗಿಲ್ಲ’ ಎನ್ನುವ ಹಾಗೆ ನನಗೆ ಅದು ಕಾಣುತ್ತದೆ. ಆ ಚಿತ್ರ ಈಗ ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿದೆ.

ಮೆಕ್ಸಿಕೋ ದೇಶದ ಫ್ರೀಡಾ ಕಾಲೋಗೆ 1925ರಲ್ಲಿ, 18ನೇ ವಯಸ್ಸಿನಲ್ಲಿ, ಬಸ್ ಅಪಘಾತವಾಗಿ ಬೆನ್ನುಮೂಳೆಗೆ ಪೆಟ್ಟಾಯಿತು. ತಿಂಗಳುಗಟ್ಟಲೆ ಹಾಸಿಗೆ. ಮಲಗಿದಲ್ಲೇ ಚಿತ್ರ ಬರೆಯಲು ಅನುಕೂಲವಾಗುವಂತೆ ಮನೆಯವರು ಹಲಗೆಯ ಏರ್ಪಾಡು ಮಾಡಿ, ಮೇಲೆ ಕನ್ನಡಿ ಕಟ್ಟಿದರು. ಎದುರಿಗೆ ಕಾಣುತ್ತಿದ್ದುದು ತನ್ನ ಮುಖವೇ. ಅದನ್ನೇ ಬರೆದಳು. 1944ರ ಒಂದು ಚಿತ್ರದಲ್ಲಿ ಅವಳ ಬೆನ್ನುಮೂಳೆ ಇರಬೇಕಾದ ಜಾಗದಲ್ಲಿ ಒಡೆದ ಕಲ್ಲುಕಂಬ ನಿಂತಿದೆ. ಮುಖದಲ್ಲಿ ಕಣ್ಣೀರಿದ್ದರೂ ನೋಟ ನೆಟ್ಟಗಿದೆ. ಮುಖ ಹೇಳದಿದ್ದುದನ್ನು ಕಂಬ ಹೇಳುತ್ತದೆ. ಗಮನಿಸಿ ಮಕ್ಕಳೇ, ನೋವನ್ನು ತೋರಿಸಲು ಮುಖವನ್ನೇ ಕಿವುಚಬೇಕೆಂದಿಲ್ಲ. ಪಕ್ಕದಲ್ಲಿ ಒಂದು ವಸ್ತು ಇಟ್ಟರೂ ಸಾಕು.

ಇನ್ನು ಅಜ್ಜ-ಅಜ್ಜಿಯರಿಗಾಗಿ ಒಬ್ಬರ ಕಥೆ. ಇಂಗ್ಲೆಂಡಿನ ಡೇವಿಡ್ ಹಾಕ್ನಿ ಹುಟ್ಟಿದ್ದು 1937ರಲ್ಲಿ. ಚಿತ್ರಕಲೆಯಲ್ಲಿ ಜಗತ್ತಿಗೆಲ್ಲ ಹೆಸರಾದ ಮೇಲೆ, 70 ದಾಟಿದ ವಯಸ್ಸಿನಲ್ಲಿ, ಅವರು ಐಫೋನಿನ ಗಾಜಿನ ಮೇಲೆ ಬೆರಳಿಂದ ಹೂವು ಬಿಡಿಸಿ ಸ್ನೇಹಿತರಿಗೆ ಕಳಿಸತೊಡಗಿದರು. 2010ರಲ್ಲಿ ಐಪ್ಯಾಡ್ ಬಂದಾಗ ಅದನ್ನೂ ಕೈಗೆತ್ತಿಕೊಂಡರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಅವರ ಹೂವುಗಳ ಪ್ರದರ್ಶನ ನಡೆಯಿತು. ಕಾಗದವಿಲ್ಲ, ಚೌಕಟ್ಟಿಲ್ಲ. ಗೋಡೆಯ ಮೇಲೆ ಫೋನು, ಐಪ್ಯಾಡುಗಳು ಬೆಳಗುತ್ತಿದ್ದವು. 2012ರ ವಸಂತದಲ್ಲಿ, 74ರ ಹರೆಯದಲ್ಲಿ, ಹಾಕ್ನಿ ಐಪ್ಯಾಡಿನ ಮೇಲೆ ತಮ್ಮದೇ ಮುಖವನ್ನು ಮತ್ತೆ ಮತ್ತೆ ಬಿಡಿಸಿದರು. ‘ಈ ವಯಸ್ಸಿನಲ್ಲಿ ನಮಗೇಕೆ ಆ ಟ್ಯಾಬು’ ಎನ್ನುವವರು ಇದನ್ನು ನೆನಪಿಡಿ.

ಸರಿ, ಕಾಗದಕ್ಕೂ ಟ್ಯಾಬಿಗೂ ವ್ಯತ್ಯಾಸವೇನು? ಮೊದಲನೆಯದು, ಹೆದರಿಕೆ ಇಲ್ಲ. ನಮ್ಮ ಲೆಡ್ಜರಿನಲ್ಲಿ ಒಂದು ಅಂಕಿ ತಪ್ಪಿದರೆ ಅಳಿಸುವಂತಿರಲಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕಿತ್ತು. ಟ್ಯಾಬಿನಲ್ಲಿ ಹಿಂದಕ್ಕೆ ಬಾಗಿದ ಬಾಣದ ಗುರುತು ಒತ್ತಿದರೆ ಗೆರೆ ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಮೂಗು ಹತ್ತು ಸಲ ಬದಲಾಯಿಸಿದರೂ ಕಾಗದ ಹರಿಯುವುದಿಲ್ಲ, ಬಣ್ಣಕ್ಕೆ ದುಡ್ಡು ಬೇಡ.

ಎರಡನೆಯದು, ಪದರಗಳು. ಇದಕ್ಕೆ ‘ಲೇಯರ್’ ಎನ್ನುತ್ತಾರೆ. ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟಂತೆ. ಕೆಳಗಿನ ಹಾಳೆಯಲ್ಲಿ ಮುಖ, ಅದರ ಮೇಲೆ ಕೂದಲು, ಅದರ ಮೇಲೆ ಕನ್ನಡಕ. ಪ್ರತಿ ಪದರದ ಪಕ್ಕ ಒಂದು ಪುಟ್ಟ ಕಣ್ಣಿನ ಗುರುತು ಇರುತ್ತದೆ. ಅದನ್ನು ಮುಟ್ಟಿದರೆ ಆ ಪದರ ಮರೆಯಾಗುತ್ತದೆ, ಮತ್ತೆ ಮುಟ್ಟಿದರೆ ಕಾಣಿಸುತ್ತದೆ.

ಈ ಕಣ್ಣಿನ ಗುರುತಿನ ಬೆಲೆ ನನಗೆ ತಿಳಿದದ್ದು ಏಳನೇ ತರಗತಿಯ ನನ್ನ ಮೊಮ್ಮಗಳಿಂದ. ನಮ್ಮ ಮನೆಯಾಕೆ ಹೋದ ವರ್ಷ ತೀರಿಕೊಂಡಳು. ಮಗು ಎಲ್ಲರೆದುರು ಸುಮ್ಮನೆ ಇತ್ತು. ಹೊತ್ತಿಗೆ ಸರಿಯಾಗಿ ಊಟ, ಶಾಲೆ, ಓದು. ಒಂದು ಸಂಜೆ ಟ್ಯಾಬಿನಲ್ಲಿ ತನ್ನ ಚಿತ್ರ ತಾನೇ ಬಿಡಿಸಿ ನನಗೆ ತೋರಿಸಿತು. ಎರಡು ಜಡೆ, ಶಾಲೆಯ ಸಮವಸ್ತ್ರ, ಮುಚ್ಚಿದ ತುಟಿ.

“ಚೆನ್ನಾಗಿದೆ ಪುಟ್ಟಿ” ಎಂದೆ.

“ಇನ್ನೂ ಇದೆ ತಾತ” ಎಂದು ಅವಳು ಆ ಕಣ್ಣಿನ ಗುರುತು ಮುಟ್ಟಿದಳು. ಸಮವಸ್ತ್ರದ ಮೇಲೆ ಅವಳಜ್ಜಿಯ ಕಂದು ಸ್ವೆಟರ್ ಬಂದು ಕೂತಿತು. ತೋಳು ಉದ್ದವಾಗಿ ಬೆರಳು ಕಾಣುತ್ತಿರಲಿಲ್ಲ.

“ಇದನ್ನ ಯಾಕಮ್ಮ ಮುಚ್ಚಿಟ್ಟಿದ್ದೀಯ?”

“ಅಪ್ಪ ನೋಡಿದ್ರೆ ಅಳ್ತಾರೆ.”

ಅಪ್ಪ ಒಂದು ರಾತ್ರಿ ಅಡುಗೆಮನೆಯಲ್ಲಿ ದೀಪ ಹಾಕದೆ ಕೂತಿದ್ದನ್ನು ಅವಳು ನೋಡಿದ್ದಳಂತೆ. ಅಂದಿನಿಂದ ಅಜ್ಜಿಯ ಹೆಸರನ್ನೇ ಎತ್ತಿರಲಿಲ್ಲ. ಹನ್ನೆರಡು ವರ್ಷದ ಮಗು ನಲವತ್ತು ದಾಟಿದ ಅಪ್ಪನನ್ನು ಕಾಯುತ್ತಿತ್ತು.

ನಾನು ಹೆಚ್ಚು ಮಾತಾಡಲಿಲ್ಲ. “ನಿನಗೆ ಯಾವತ್ತು ತೋರಿಸಬೇಕು ಅನ್ನಿಸುತ್ತೋ ಅವತ್ತು ತೋರಿಸು. ಬೇಕಾದ್ರೆ ನಾನೂ ಪಕ್ಕದಲ್ಲಿ ಕೂತಿರ್ತೀನಿ” ಎಂದೆ. ಭಾನುವಾರ ಅವಳೇ ತೋರಿಸಿದಳು. ನನ್ನ ಮಗ ಬಹಳ ಹೊತ್ತು ನೋಡಿದ. ಆಮೇಲೆ, “ಕೊನೇ ಗುಂಡಿ ಹಸಿರು ಕಣೇ. ಕಂದು ಗುಂಡಿ ಬಿದ್ದುಹೋಗಿತ್ತು, ಅಮ್ಮ ಸಿಕ್ಕಿದ್ದನ್ನ ಹೊಲಿದುಕೊಂಡಿದ್ರು” ಎಂದ. ಮಗು ಚಿತ್ರವನ್ನು ದೊಡ್ಡದು ಮಾಡಿ ಗುಂಡಿಗೆ ಹಸಿರು ತುಂಬಿದಳು. ಹೌದು, ಅವನು ಅತ್ತ. ಅವಳೂ ಅತ್ತಳು. ಆಮೇಲೆ ಇಬ್ಬರೂ ಆ ಸ್ವೆಟರನ್ನು ಬೀರುವಿನಿಂದ ತೆಗೆದು ನೋಡಿದರು. ಈಗ ನಮ್ಮ ಮನೆಯಲ್ಲಿ ಅವಳ ಹೆಸರು ಊಟದ ಹೊತ್ತಿಗೂ ಬರುತ್ತದೆ, ನಗುವಾಗಲೂ ಬರುತ್ತದೆ.

ಬಾಯಿಂದ ಹೇಳಲಾಗದ್ದನ್ನು ಮೊದಲು ಬೆರಳು ಹೇಳಬಲ್ಲದು. ಎಷ್ಟು ತೋರಿಸಬೇಕು, ಯಾರಿಗೆ, ಯಾವಾಗ ಎಂಬುದು ಬಿಡಿಸಿದವರ ಕೈಯಲ್ಲೇ ಉಳಿಯುತ್ತದೆ. ಸ್ವಂತ ಚಿತ್ರದ ಈ ಎರಡು ಗುಣವನ್ನು ನಾವು ಹಿರಿಯರು ಕಾಪಾಡಬೇಕು. ಮಗು ಚಿತ್ರ ತೋರಿಸಿದಾಗ ‘ಮೂಗು ಸೊಟ್ಟ’ ಎನ್ನಬೇಡಿ. ‘ಎಷ್ಟು ಚೆಂದ’ ಎಂದು ಕೂಡಲೇ ನೆಂಟರ ಗುಂಪಿಗೆಲ್ಲ ಕಳಿಸಲೂ ಬೇಡಿ. ‘ಮೊದಲು ಏನು ಬಿಡಿಸಿದೆ? ಈ ಬಣ್ಣ ಯಾಕೆ ಬಂತು?’ ಎಂದು ಕೇಳಿ ಸುಮ್ಮನಿರಿ. ಮಗುವಿನ ಚಿತ್ರವೂ ಮಾತೂ ದಿನದಿನಕ್ಕೆ ಕುಗ್ಗುತ್ತಿದ್ದರೆ, ನೀವೇ ಅರ್ಥ ಕಟ್ಟದೆ, ಅಪ್ಪ ಅಮ್ಮನೊಡನೆ, ಟೀಚರೊಡನೆ, ಬೇಕಾದರೆ ವೈದ್ಯರೊಡನೆ ಮಾತಾಡಿ.

ನಾನೂ ನನ್ನ ಮುಖ ಬಿಡಿಸಿದೆ. ಕೈ ನಡುಗುತ್ತದೆ. ಗೆರೆಯನ್ನು ತಾನೇ ನೇರ ಮಾಡುವ ಒಂದು ಸೌಲಭ್ಯ ಆ್ಯಪಿನಲ್ಲಿದೆ ಎಂದು ಮೊಮ್ಮಗಳು ಹಾಕಿಕೊಟ್ಟಳು. ಕೆನ್ನೆ ನುಣ್ಣಗೆ ಬಂತು, ಆದರೆ ಅದು ಯಾರೋ ನಲವತ್ತರ ಗಂಡಸಿನದು! ಆರಿಸಿಬಿಡು ಎಂದೆ. ನಡುಗುವ ಗೆರೆಯಲ್ಲಿ ಬಂದ ಮುದುಕ ನನಗೆ ಗುರುತಿನವನು.

ಈ ವಾರದ ಮನೆಗೆಲಸ, ಅಜ್ಜ-ಅಜ್ಜಿಗೂ ಮೊಮ್ಮಕ್ಕಳಿಗೂ ಒಟ್ಟಿಗೆ:

1. ಟ್ಯಾಬಿನಲ್ಲೋ ಮೊಬೈಲಿನಲ್ಲೋ ಚಿತ್ರ ಬಿಡಿಸುವ ಒಂದು ಉಚಿತ ಆ್ಯಪ್ ಇರಲಿ. ಎರಡೂ ಇಲ್ಲದವರಿಗೆ ಕಾಗದ, ಬಣ್ಣದ ಪೆನ್ಸಿಲ್ ಸಾಕು. ಪದರ ಬೇಕಾದರೆ ಮೇಲೆ ಒಂದು ಬೆಣ್ಣೆ ಕಾಗದ ಇಡಿ.

2. ಫೋಟೋ ಬೇಡ. ಎದುರಿಗೆ ಕನ್ನಡಿ ನಿಲ್ಲಿಸಿ, ಮೊದಲ ಐದು ನಿಮಿಷ ಏನೂ ಬಿಡಿಸದೆ ನೋಡಿ.

3. ಮೈಬಣ್ಣವನ್ನೇ ಬಳಸಬೇಕೆಂದಿಲ್ಲ. ಭರತಮುನಿಯ ನಾಟ್ಯಶಾಸ್ತ್ರ ಒಂದೊಂದು ರಸಕ್ಕೆ ಒಂದೊಂದು ಬಣ್ಣ ಹೇಳುತ್ತದೆ: ಹಾಸ್ಯಕ್ಕೆ ಬಿಳಿ, ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ, ಕರುಣಕ್ಕೆ ಪಾರಿವಾಳದ ಬೂದು. ಇವತ್ತಿನ ನಿಮ್ಮ ಬಣ್ಣ ಯಾವುದು?

4. ಮುಖದ ಜೊತೆ ಒಂದು ವಸ್ತು ಇರಲಿ. ಅದು ನಿಮಗೆ ಮಾತ್ರ ಅರ್ಥವಾದರೂ ಸರಿ.

5. ಮುಗಿದ ಮೇಲೆ ಒಬ್ಬರಿಗೆ ತೋರಿಸಿ. ಒಬ್ಬರಿಗೆ ಮಾತ್ರ. ಯಾರೆಂದು ನೀವೇ ಆರಿಸಿ.

ಕನ್ನಡಿ ಒರೆಸಿ ಇಟ್ಟುಕೊಳ್ಳಿ, ಟ್ಯಾಬ್ ಚಾರ್ಜಿಗೆ ಹಾಕಿ. ಬರುವ ವಾರ ಸಿಗೋಣ.