ನೆರಳು ಅಳೆಯೋಣ ಬನ್ನಿ

ಮಕ್ಕಳೇ, ಬೇಸಿಗೆ ರಜೆ ಬಂತೆಂದರೆ ಅಣ್ಣ ಬಯಲಿಗೆ, ತಂಗಿ ಅಡುಗೆಮನೆಗೆ! ಇದು ಸರಿಯೇ? ವಿಜ್ಞಾನ ಕಲಿಯಲು ಹುಡುಗಿಯರಿಗೂ ಅಂಗಳ ಬೇಕು, ಬಿಡುವು ಬೇಕು.

ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ದಿನವೂ ಮಧ್ಯಾಹ್ನ 12.10ರಿಂದ 12.35ರ ನಡುವೆ ಅದರ ಅತಿ ಗಿಡ್ಡ ನೆರಳನ್ನು ಅಳೆಯಿರಿ. ಸೂರ್ಯ ದಿನೇ ದಿನೇ ಉತ್ತರಕ್ಕೆ ಸರಿದಂತೆ ಕಾಣುವುದರಿಂದ ನೆರಳು ಕುಗ್ಗುತ್ತದೆ. ಕರ್ನಾಟಕದ ಪ್ರತಿ ಊರಿನಲ್ಲೂ ಏಪ್ರಿಲ್ 20ರಿಂದ ಮೇ 15ರೊಳಗೆ ಒಂದು ದಿನ ಅದು ಮಾಯ! ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಬೀದರಿನಲ್ಲಿ ಮೇ ಎರಡನೆಯ ವಾರದಲ್ಲಿ. ಸೂರ್ಯನನ್ನು ಮಾತ್ರ ನೇರವಾಗಿ ನೋಡಬೇಡಿ.

ಅಕ್ಕತಂಗಿಯರು ಅಳೆಯಲಿ, ಅಮ್ಮ ಗಡಿಯಾರ ನೋಡಲಿ, ಅಪ್ಪ ಬರೆದುಕೊಳ್ಳಲಿ. ಪಾತ್ರೆ ತೊಳೆಯುವವರು ಯಾರು? ಎಲ್ಲರೂ ಸೇರಿ ತೊಳೆದರಾಯಿತು. ನೀವೇನನ್ನುತ್ತೀರಿ?